ಶೆಲ್ಬಿಯ ಕಾಲೇಜು ಫೀಸು ಮತ್ತು ಹಳ್ಳದ ನೀರು

ಶೆಲ್ಬಿ ಶ್ರೀವ್‌ಗೆ ನೀರು ಕಂಡರೆ ಭಯ. ಕುಡಿಯುವ ನೀರಲ್ಲ, ಸ್ನಾನದ ನೀರಲ್ಲ. ಕೆಂಪಗೆ ಹರಿಯುವ, ಮರದ ತುಂಡುಗಳನ್ನು ಹೊತ್ತು ತರುವ ನೀರು. ಅವಳು ಆರು ವರ್ಷದವಳಿದ್ದಾಗ ಮಡ್ ಲಿಕ್ ಹಳ್ಳ ಉಕ್ಕಿ ಗಾಲಿಗಳ ಮೇಲೆ ನಿಲ್ಲಿಸಿದ ಅವರ ತಗಡಿನ ಮನೆಯನ್ನು ಎತ್ತಿಕೊಂಡು ಹೋಗಿತ್ತು. ಅಮ್ಮ ವಾಂಡಾ ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಹತ್ತಿದ್ದಳು. ಕೆಳಗೆ ತಮ್ಮ ಮನೆ ಒಂದು ಸುತ್ತು ತಿರುಗಿ, ಸೇತುವೆಗೆ ಬಡಿದು, ಮೊಟ್ಟೆಯ ಹಾಗೆ ಒಡೆದದ್ದನ್ನು ಶೆಲ್ಬಿ ಕಣ್ಣಾರೆ ಕಂಡಿದ್ದಳು. ಅಂದಿನಿಂದ ಎರಡು ದಿನ ಮಳೆ ಹಿಡಿದರೆ ಸಾಕು, ಕಿಟಕಿಯಿಂದ ಹಳ್ಳವನ್ನೇ ನೋಡುತ್ತ ರಾತ್ರಿ ಕಳೆಯುತ್ತಿದ್ದಳು.

ಇಪ್ಪತ್ತೆರಡರ ವಯಸ್ಸಿಗೆ ಅವಳು ಕೋಳಿ ಮಾಂಸದ ಕಾರ್ಖಾನೆಯಲ್ಲಿ ದಿನವಿಡೀ ರೆಕ್ಕೆ ಕತ್ತರಿಸುತ್ತಿದ್ದಳು. ಒಮ್ಮೆ ಜಾರಿಬಿದ್ದು ಮಣಿಕಟ್ಟು ಮುರಿದು ಆಸ್ಪತ್ರೆಗೆ ಹೋದಾಗ, ತನ್ನದೇ ಕೈಯ ಮೂಳೆಗಳು ಕಪ್ಪು ಹಾಳೆಯ ಮೇಲೆ ಬೆಳ್ಳಗೆ ಮೂಡಿದ್ದನ್ನು ನೋಡಿ ಬೆರಗಾದಳು. ಎಕ್ಸ್‌ರೇ ತೆಗೆಯುವ ಕೆಲಸ ಕಲಿಯಬೇಕೆಂಬ ಆಸೆ ಹತ್ತಿಕೊಂಡಿತು. ಆದರೆ ಕಾಲೇಜಿನ ಫೀಸು ಅವಳ ಕೈಗೆಟುಕುವಂಥದ್ದಲ್ಲ.

ಆ ವಸಂತದಲ್ಲಿ ಕಾರ್ಖಾನೆಯ ಕ್ಯಾಂಟೀನಿಗೆ ರಾಜ್ಯದ ಮೀಸಲು ಸೇನಾಪಡೆಯವನೊಬ್ಬ ಹೊಸಬರನ್ನು ಸೇರಿಸಿಕೊಳ್ಳಲು ಬಂದು ಮೇಜು ಹಾಕಿಕೊಂಡು ಕೂತ.

"ತಿಂಗಳಿಗೊಂದು ಶನಿವಾರ, ಭಾನುವಾರ ನಮ್ದು. ಬೇಸಿಗೇಲಿ ಎರಡು ವಾರ. ಅಷ್ಟೇ. ನಿನ್ನ ಕಾಲೇಜು ಫೀಸು ಪೂರ್ತಿ ರಾಜ್ಯಾನೇ ಕಟ್ಟುತ್ತೆ," ಅಂದ.

"ನಂಗೆ ನೀರು ಕಂಡ್ರೆ ಆಗಲ್ಲ."

"ನೀರಾ?" ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಮ್ಮಾ ತಾಯಿ, ನಮ್ಮ ವೆಸ್ಟ್ ವರ್ಜೀನಿಯಾದಲ್ಲಿ ಸಮುದ್ರ ಎಲ್ಲಿದೆ ತೋರ್ಸು!"

ಶೆಲ್ಬಿ ಆರು ವರ್ಷಕ್ಕೆ ಸಹಿ ಹಾಕಿದಳು. ಮನೆಯಲ್ಲಿ ವಾಂಡಾ ಹುರುಳಿಕಾಯಿ ಬಿಡಿಸುತ್ತ ತಲೆ ಎತ್ತದೆ ಹೇಳಿದಳು:

"ಪುಕ್ಸಟ್ಟೆ ಯಾರೂ ಏನೂ ಕೊಡಲ್ಲ ಕಣೇ. ಒಂದಿನ ಕರೀತಾರೆ."

"ಕರೆದ್ರೆ ಹೋಗ್ತೀನಿ."

"ಎಲ್ಲಿಗೆ ಅಂತ ಕೇಳಿದ್ಯಾ?"

ಕೇಳಿರಲಿಲ್ಲ.

ಪಡೆಯವರು ಅವಳಿಗೆ ದೊಡ್ಡ ಲಾರಿ ಓಡಿಸುವುದನ್ನು ಕಲಿಸಿದರು. ಕಾಲೇಜೂ ಶುರುವಾಯಿತು. ನಿಯಮ ಅವಳಿಗೆ ಬಾಯಿಪಾಠವಾಗಿತ್ತು: ಕವಾಯತು ತಪ್ಪಿಸುವಂತಿಲ್ಲ, ಪರೀಕ್ಷೆಯಲ್ಲಿ ನಪಾಸಾಗುವಂತಿಲ್ಲ, ಕರೆದಾಗ ಬರುವುದಿಲ್ಲ ಅನ್ನುವಂತಿಲ್ಲ. ಇವುಗಳಲ್ಲಿ ಒಂದು ತಪ್ಪಿದರೂ ಫೀಸು ನಿಲ್ಲುತ್ತದೆ. ತರಗತಿಯಲ್ಲಿ ಯಾರ ಫೋನು ಗುನುಗಿದರೂ ಅವಳು ತನ್ನ ಫೋನು ತೆಗೆದು ನೋಡುತ್ತಿದ್ದಳು.

ಕೊನೆಯ ವರ್ಷದ ಮೇ ತಿಂಗಳು. ಗುರುವಾರ ದೊಡ್ಡ ಪರೀಕ್ಷೆ. ಶನಿವಾರದಿಂದ ಮಳೆ ಬಿಟ್ಟಿರಲಿಲ್ಲ. ಸೋಮವಾರ ಮಧ್ಯಾಹ್ನ ಪಡೆಯಿಂದ ಫೋನು ಬಂತು. ಮೂರು ಕಣಿವೆಗಳಲ್ಲಿ ಪ್ರವಾಹ, ನಾಲ್ಕು ಗಂಟೆಯೊಳಗೆ ಬರಬೇಕು. ಶೆಲ್ಬಿ ಶೌಚಾಲಯದ ಬಾಗಿಲು ಹಾಕಿಕೊಂಡು ಕೂತಳು. ಜ್ವರ ಅನ್ನಲೇ? ಕಾಲು ಉಳುಕಿದೆ ಅನ್ನಲೇ? ಹೋಗದಿದ್ದರೆ ಕಾಲೇಜು ಹೋಯಿತು. ಹೋದರೆ ನಾನೇ ಹೋದೆ. ಕೊನೆಗೆ ಮುಖ ತೊಳೆದುಕೊಂಡು ಹೊರಟಳು.

ಮರುದಿನ ಬೆಳಿಗ್ಗೆ ತನ್ನ ತುಕಡಿಯ ಸಾರ್ಜೆಂಟ್ ಮುಲ್ಲೆನ್ಸ್ ಜೊತೆ ಅವಳು ಕಣಿವೆಯೊಂದರ ಕೊನೆಯ ಮನೆಗೆ ಹೋಗಬೇಕಾಯಿತು. ಅಲ್ಲಿದ್ದ ಎಲ್ಡನ್ ಎಂಬ ಮುದುಕನಿಗೆ ದಿನ ಬಿಟ್ಟು ದಿನ ಡಯಾಲಿಸಿಸ್ ಆಗಬೇಕಿತ್ತು. ದಾರಿಗೆ ಅಡ್ಡವಾಗಿ ಮೊಣಕಾಲುದ್ದದ ನೀರು. ಹೋಗುವಾಗ ಹೇಗೋ ದಾಟಿದಳು. ಎಲ್ಡನ್ ಮತ್ತು ಅವನ ಹೆಂಡತಿ ಇಮೋಜೀನಳನ್ನು ಹತ್ತಿಸಿಕೊಂಡು ಮರಳುವಾಗ ನೀರು ಇನ್ನೂ ಏರಿತ್ತು; ಸರಿಯಾಗಿ ಮಧ್ಯದಲ್ಲಿ ಲಾರಿ ಕೆಮ್ಮಿ ನಿಂತುಬಿಟ್ಟಿತು.

ಕೀಲಿ ತಿರುಗಿಸಿದಳು. ಸದ್ದೇ ಇಲ್ಲ.

"ಕೆಳಗಿಳೀಬೇಡ," ಅಂದ ಮುಲ್ಲೆನ್ಸ್. "ಇನ್ನೊಂದು ಲಾರಿಗೆ ವೈರ್‌ಲೆಸ್ ಮಾಡ್ತೀನಿ. ನೀನು ಹಿಂದೆ ಹೋಗಿ ಅವರ ಜೊತೆ ಕೂತ್ಕೋ."

ಶೆಲ್ಬಿ ಸ್ಟಿಯರಿಂಗ್ ಬಿಡಲಿಲ್ಲ. ನೀರು ಲಾರಿಯ ಮೆಟ್ಟಿಲಿಗೆ ಬಂದಿತ್ತು. ದಿಮ್ಮಿಯೊಂದು ಬಂದು ಬಡಿದಾಗ ಲಾರಿ ತುಸು ಪಕ್ಕಕ್ಕೆ ಸರಿಯಿತು. ಸರಿಯಿತು ಎಂಬುದು ಅವಳ ಬೆನ್ನುಮೂಳೆಗೆ ಗೊತ್ತಾಯಿತು. ಮನೆಯೂ ಮೊದಲು ಹೀಗೆಯೇ, ಇಷ್ಟೇ ಸರಿದಿತ್ತು. ಆಸನದ ಹಿಂದಿನ ಕಿಂಡಿಯಿಂದ ತೆವಳಿಕೊಂಡೇ ಹಿಂದಕ್ಕೆ ಹೋಗಿ ಕೂತಳು. ಹಲ್ಲು ಕಟಕಟ ಅನ್ನುತ್ತಿತ್ತು.

ಇಮೋಜೀನ್ ಅವಳನ್ನು ನೋಡಿದಳು. "ಮಗಳೇ, ಚಳೀನಾ?"

"ಭಯ," ಅಂದಳು ಶೆಲ್ಬಿ. ಪಡೆಯ ಉಡುಪು ತೊಟ್ಟು ಆ ಮಾತನ್ನು ಹಿಂದೆಂದೂ ಆಡಿರಲಿಲ್ಲ.

"ಸದ್ಯ, ನಂಗೊಬ್ಬಳಿಗೇ ಅಂತ ಮಾಡಿದ್ದೆ. ಈ ಮುದುಕ ಅಂತೂ ನಿದ್ದೆ ಹೊಡೀತಿದಾನೆ."

"ನಿದ್ದೆ ಎಲ್ಲಿ ಬಂತು, ಕಣ್ಣು ಮುಚ್ಚಿದೀನಿ. ನೋಡೋಕಾಗ್ತಿಲ್ಲ," ಎಂದ ಎಲ್ಡನ್.

ಇಮೋಜೀನ್ ತನ್ನ ಗಂಟುಗಟ್ಟಿದ ಕೈಯನ್ನು ಶೆಲ್ಬಿಯ ಮಡಿಲಲ್ಲಿಟ್ಟಳು. "ಏನಾದ್ರೂ ಮಾತಾಡೇ. ನೀರಿನ ಸದ್ದು ಕೇಳ್ಬಾರ್ದು."

ಶೆಲ್ಬಿಗೆ ಮಾತೇ ಹೊಳೆಯಲಿಲ್ಲ. ಗುರುವಾರದ ಪರೀಕ್ಷೆಗೆ ಓದಿದ್ದಷ್ಟೇ ನಾಲಿಗೆಗೆ ಬಂತು. ಮುದುಕಿಯ ಕೈಯನ್ನು ಒತ್ತುತ್ತ ಮೂಳೆಗಳ ಹೆಸರು ಹೇಳತೊಡಗಿದಳು. ಮಣಿಕಟ್ಟಿನಲ್ಲೇ ಎಂಟು. ದೋಣಿಯಾಕಾರದ್ದು ಇದು, ಅರ್ಧಚಂದ್ರದಂಥದ್ದು ಇದು. ತಪ್ಪಿದಲ್ಲಿ ಮತ್ತೆ ಮೊದಲಿನಿಂದ.

"ಅಷ್ಟೊಂದಾ? ಇಷ್ಟು ವರ್ಷ ಪಾತ್ರೆ ತೊಳೆದಿದ್ದು ಅವೆಲ್ಲಾನಾ?" ಅಂದಳು ಇಮೋಜೀನ್.

ಇನ್ನೊಂದು ದಿಮ್ಮಿ ಬಡಿಯಿತು. ಶೆಲ್ಬಿ ಮತ್ತೆ ಹೆಬ್ಬೆರಳಿನಿಂದ ಶುರುಮಾಡಿದಳು. ಒಂದು ಗಂಟೆಗೂ ಮಿಕ್ಕಿ ಹೀಗೇ ನಡೆಯಿತು. ಆಮೇಲೆ ಎರಡನೇ ಲಾರಿ ಬಂದು, ಉಕ್ಕಿನ ಹಗ್ಗ ಬಿಗಿದು, ಇಂಚಿಂಚಾಗಿ ಅವರನ್ನು ಎಳೆದು ದಡ ಸೇರಿಸಿತು. ಎಲ್ಡನ್‌ನನ್ನು ಆಂಬ್ಯುಲೆನ್ಸಿಗೆ ಹತ್ತಿಸಿದ ಮೇಲೆ ಶೆಲ್ಬಿ ರಸ್ತೆ ಬದಿಯಲ್ಲಿ ವಾಂತಿ ಮಾಡಿಕೊಂಡಳು. ಮುಲ್ಲೆನ್ಸ್ ಬೆನ್ನು ತಿರುಗಿಸಿ ನಿಂತು, ಕಾಣದವನಂತೆ ಇದ್ದ.

ಇನ್ನೂ ಐದು ದಿನ ಅವಳು ಬೇರೆ ಲಾರಿ ಓಡಿಸಿದಳು. ಪ್ರತಿದಿನವೂ ಅಷ್ಟೇ ಭಯ, ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ತಪ್ಪಿದ ಪರೀಕ್ಷೆಯನ್ನು ಕಾಲೇಜಿನವರು ಜೂನ್‌ನಲ್ಲಿ ಮತ್ತೆ ಕೊಟ್ಟರು. ಪಾಸಾದಳು. ಗುಡ್ಡದ ಮೇಲಿನ ಚಿಕಿತ್ಸಾಲಯದಲ್ಲಿ ಎಕ್ಸ್‌ರೇ ಕೆಲಸವೂ ಸಿಕ್ಕಿತು.

ಆರು ವರ್ಷ ಮುಗಿಯುತ್ತ ಬಂದಾಗ ಮುಲ್ಲೆನ್ಸ್ ಫೋನ್ ಮಾಡಿದ. "ಇನ್ನೊಂದ್ಸಲ ಸಹಿ ಹಾಕು. ಮುಂದಿನ ಓದಿಗೂ ಫೀಸು ಸಿಗುತ್ತೆ. ಆವತ್ತು ಎಂಥಾ ಧೈರ್ಯ ನಿಂದು!"

"ಧೈರ್ಯ ಅಲ್ಲ ಸಾರ್ಜೆಂಟ್. ಓಡಿಹೋಗೋಕೆ ಜಾಗ ಇರ್ಲಿಲ್ಲ."

ಅವಳು ಸಹಿ ಹಾಕಲಿಲ್ಲ. ಕೊನೆಯ ಭಾನುವಾರ ಹೆಲ್ಮೆಟ್ಟು, ಉಡುಪು ಎಲ್ಲ ಒಪ್ಪಿಸಿ ಹೊರಬಂದಾಗ ಮಳೆ ಸುರಿಯುತ್ತಿತ್ತು. ಮನೆಯ ದಾರಿಯಲ್ಲಿ ಎರಡು ಸೇತುವೆ. ಕಾರಿನ ಬಾಗಿಲು ಹಾಕಿಕೊಂಡು, ಮಳೆ ನಿಲ್ಲುವವರೆಗೂ ಅವಳು ಅಲ್ಲೇ ಕೂತಿದ್ದಳು.