ಮಗ್ಗದ ಕುಣಿಯಲ್ಲಿ ಮಣಿ

ನನ್ನ ಸೋದರತ್ತೆ ವೇದವತಿಯ ಬಾಯಿಗೆ ಸೇಲಂನ ನಮ್ಮ ಬೀದಿಯೇ ಹೆದರುತ್ತದೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಅವರ ಅಣ್ಣ ಪುರಂದರ, ಅಂದರೆ ನನ್ನ ದೊಡ್ಡಪ್ಪ, ಪಟ್ಟೆ ಸೀರೆ ನೇಯುತ್ತಿದ್ದರೆ ಪಕ್ಕದಲ್ಲಿ ಕೂತು ರಾಟೆಯಲ್ಲಿ ನೂಲು ಸುತ್ತಿಕೊಡುವುದು ಅವರ ಕೆಲಸ. ಮದುವೆಯಾಗದ ದೊಡ್ಡಪ್ಪನನ್ನೂ ಅವರು ಸಾಕಿದ ಬೀದಿನಾಯಿ ಮಣಿಯನ್ನೂ ಒಂದೇ ಉಸಿರಿಗೆ ಬೈಯುವುದು ಅತ್ತೆಯ ಹವ್ಯಾಸ.

ಮಣಿಯ ಜಾಗ ಮಗ್ಗದ ಕುಣಿ. ನೇಕಾರ ನೆಲದ ಮಟ್ಟಕ್ಕೆ ಕೂತು, ಕಾಲು ಇಳಿಬಿಟ್ಟು ಮಗ್ಗ ತುಳಿಯುವ ಗುಂಡಿ ಅದು. ದೊಡ್ಡಪ್ಪನ ಪಾದಗಳ ಪಕ್ಕ ಮುದುರಿ ಮಲಗಿದರೆ ಅದಕ್ಕೆ ಬೇರೆ ಲೋಕವೇ ಬೇಡ. "ನಾಯಿಗ್ಯಾಕೆ ಕುಣಿ? ಆಚೆ ಓಗ್ಲಾ!" ಎಂದು ಅತ್ತೆ ಕೂಗುವುದು, ಅವರಿಬ್ಬರೂ ಕೇಳಿಸದವರಂತೆ ಇರುವುದು, ದಿನಾ ನಡೆಯುತ್ತಿದ್ದದ್ದೇ.

ಹೋದ ವರ್ಷ ಎದೆನೋವೆಂದು ಆಸ್ಪತ್ರೆಗೆ ಹೋದ ದೊಡ್ಡಪ್ಪ ಹೆಣವಾಗಿ ಬಂದರು. ಅತ್ತೆ ಅಳಲಿಲ್ಲ. ಅಳುವುದಕ್ಕೂ ಪುರುಸೊತ್ತಿಲ್ಲದವರ ಹಾಗೆ ಲಾಳಿಯಂತೆ ಓಡಾಡಿದರು. ಸೂತಕ ಕಳೆಯುವ ದಿನ ಸತ್ತವರ ಬಟ್ಟೆ, ಚಾಪೆ, ಹೊದಿಕೆಯನ್ನೆಲ್ಲ ಅಗಸರಿಗೆ ಕೊಟ್ಟು ಮನೆ ಸಾರಿಸುವುದು ನಮ್ಮ ಪದ್ಧತಿ. ಅತ್ತೆ ಒಂದು ಚಿಂದಿಯನ್ನೂ ಉಳಿಸಲಿಲ್ಲ. ಕುಣಿಗೂ ಇಳಿದು ಗೋಡೆ, ನೆಲಕ್ಕೆಲ್ಲ ಸಗಣಿ ಬಳಿದರು.

ಅಲ್ಲಿಯವರೆಗೆ ಕುಣಿಯಲ್ಲೇ ಮಲಗಿ ಅಷ್ಟೋ ಇಷ್ಟೋ ತಿನ್ನುತ್ತಿದ್ದ ಮಣಿ ಒಳಗಿಳಿದು ಮೂಸಿತು, ಸುತ್ತಿತು, ಮೇಲೆ ಬಂದು ಹೊಸ್ತಿಲಲ್ಲಿ ಬಿದ್ದುಕೊಂಡಿತು. ಆಮೇಲೆ ಅನ್ನ ಮುಟ್ಟಲಿಲ್ಲ. ಹಾಲು, ಬನ್ನು, ಬಿಸ್ಕತ್ತು, ಯಾವುದೂ ಬೇಡ. ಪಕ್ಕೆಲುಬು ಎದ್ದು ಕಂಡವು. "ನಾಯಿಗೆಂಥಾ ದುಃಖ, ಅಸಿದ್ರೆ ತಿಂತೈತೆ" ಎಂದ ನೆಂಟರೊಬ್ಬರಿಗೆ ಅತ್ತೆ ಕಾಫಿಯನ್ನೇ ಕೊಡಲಿಲ್ಲ.

ಮಣಿಯನ್ನು ಆಟೋದಲ್ಲಿ ಪಶುವೈದ್ಯೆ ಕಾರ್ತಿಕಾ ಅವರ ಹತ್ತಿರ ಒಯ್ದೆವು. ರೋಗವೇನಿಲ್ಲ, ಕೊರಗು ಎಂದರು ಅವರು. ಬಲವಂತ ಮಾಡಬೇಡಿ, ಎಂದಿನ ಹೊತ್ತಿಗೇ ಊಟ ಇಡಿ, ಹತ್ತಿರ ಕೂತಿರಿ, ಯಜಮಾನರ ವಾಸನೆ ಇರುವ ಬಟ್ಟೆ ಇದ್ದರೆ ಹಾಸಿಕೊಡಿ. ಹೀಗೇ ಉಪವಾಸವಿದ್ದರೆ ಉಳಿಯುವುದು ಕಷ್ಟ.

ಅತ್ತೆಯ ಮುಖ ಸಣ್ಣಗಾಯಿತು. "ಒಂದ್ ತುಂಡೂ ಇಲ್ವಲ್ಲೋ. ನಾನೇ ಎಲ್ಲಾ ಒರೆಸಾಕ್ಬುಟ್ನಲ್ಲಾ. ವಾಯಿಲ್ಲಾ ಜೀವನ್, ಪಾವಂ," ಎಂದು ಕೊನೆಗೆ ತಮಿಳಿನಲ್ಲಿ ಬಾಯಿಲ್ಲದ ಆ ಜೀವಕ್ಕೆ ಮರುಗುತ್ತ, ದಾರಿಯುದ್ದಕ್ಕೂ ಮಣಿಯ ಬೆನ್ನು ಸವರುತ್ತ ಬಂದರು. ಅವರು ಅದನ್ನು ಮುಟ್ಟಿದ್ದನ್ನು ನಾನು ನೋಡಿದ್ದು ಅಂದೇ ಮೊದಲು.

ಮನೆಗೆ ಬಂದವರೇ ಮಗ್ಗದ ಮುಂದೆ ನಿಂತರು. ದೊಡ್ಡಪ್ಪ ಅರ್ಧ ನೇಯ್ದು ಬಿಟ್ಟ ಕುಂಕುಮ ಬಣ್ಣದ ಸೀರೆ ಇನ್ನೂ ಅಲ್ಲೇ ಇತ್ತು. ನೇಯ್ದಷ್ಟೂ ಮರದ ದಿಂಡಿಗೆ ಸುತ್ತಿಕೊಂಡು, ದಿನವೂ ಅವರ ಹೊಟ್ಟೆಗೆ ಒತ್ತಿಕೊಂಡು, ಅವರ ಬೆವರನ್ನೇ ಕುಡಿದ ಸೀರೆ ಅದು. ಅತ್ತೆ ಕತ್ತರಿ ತಂದರು. ನಾನು ಅಡ್ಡ ಹೋದೆ. ಸೀರೆ ಮುಗಿಯದೆ ಮಗ್ಗಕ್ಕೆ ಕಟ್ಟಿದ ಹಾಸುನೂಲಿಗೆ ಕತ್ತರಿ ಹಾಕಿದರೆ ಮನೆಗೆ ಕೇಡು ಎಂದು ನಂಬಿದವರು ನಾವು.

"ಅತ್ತೆ, ಕೂಲಿಗೆ ನೇಯಲು ಸಾಹುಕಾರರು ಕೊಟ್ಟ ರೇಷ್ಮೆ ಅದು!"

"ಅವ್ರಿಗೆ ನಾನ್ ಏಳ್ಕೋತೀನಿ. ನೀ ಸುಮ್ಕಿರ್ಲಾ."

ಮಗ್ಗ ಮುಟ್ಟಿ ಕಣ್ಣಿಗೊತ್ತಿಕೊಂಡರು. ಕತ್ತರಿಸಿದರು. ಕುಣಿಗಿಳಿದು ಆ ಅರ್ಧ ಸೀರೆಯನ್ನು ಮಡಿಸಿ ಹಾಸಿದರು.

ಮಣಿ ಹೊಸ್ತಿಲಿಂದ ಎದ್ದು ಬಂತು. ಮಡಿಕೆಗಳೊಳಗೆ ಮೂತಿ ತೂರಿಸಿ ಬಹಳ ಹೊತ್ತು ಕುಂಯ್‌ಗುಟ್ಟಿತು, ಆಮೇಲೆ ಅಲ್ಲೇ ಮಲಗಿತು. ಆದರೆ ತಿನ್ನಲಿಲ್ಲ. ಸಂಜೆ ದೊಡ್ಡಪ್ಪ ಉಣ್ಣುತ್ತಿದ್ದ ಹೊತ್ತಿಗೆ ಅತ್ತೆ ಎರಡು ತಟ್ಟೆ ಮೊಸರನ್ನ ಹಿಡಿದು ಬಂದರು. ಒಂದನ್ನು ಮಣಿಯ ಮುಂದಿಟ್ಟು, ನೇಕಾರನ ಜಾಗದಲ್ಲಿ ಕೂತು, ಕುಣಿಗೆ ಕಾಲು ಇಳಿಬಿಟ್ಟು, ಅದರ ಕಡೆ ನೋಡದೆ ತಾವು ಉಣ್ಣತೊಡಗಿದರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಲೊಚಲೊಚ ಸದ್ದು ಕೇಳಿಸಿತು.

"ತಿನ್ನು, ತಿನ್ನು," ಎಂದರು ಅತ್ತೆ. "ತಲೆತಲಾಂತರದಿಂದ ನೇದೋರು ನಾವು. ನಮ್ಮನೇಲಿ ಇಂಥಾ ಪಟ್ಟೆ ಒಬ್ರೂ ಉಟ್ಟಿಲ್ಲ. ನಿಂಗೆ ಆಸಿಗೆ! ಅಣ್ಣ ನೋಡಿದ್ರೆ..."

ಕಲಸಿದ ಕೈಯನ್ನು ತಟ್ಟೆಯಲ್ಲೇ ಬಿಟ್ಟು ಅತ್ತೆ ಮಗುವಿನಂತೆ ಅಳತೊಡಗಿದರು. ಮಣಿ ಅನ್ನ ಬಿಟ್ಟು ಬಂದು ಅವರ ಪಾದದ ಮೇಲೆ ತಲೆಯಿಟ್ಟಿತು.

"ನೀ ಮೊದ್ಲು ತಿನ್ಲಾ," ಎಂದು ಅಳುತ್ತಲೇ ಗದರಿದರು ಅತ್ತೆ.