ಕುಂತು ನೋಡ್ರಿ ಎನ್ನುತ್ತಿದ್ದ ಟೀಚರ್

ರೇಣುಕಾ, ಮಾಂತೇಶ, ನಾಲ್ಕು ಜನರೆದುರು ಬಾಯಿ ಬಿಡಲಾರದ ನಿಮ್ಮಜ್ಜಿ ನಾನು, ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ನಮ್ಮೂರ ಶಾಲೆಗೆ ಕುಷ್ಟಗಿಯಿಂದ ಬಸ್ಸಿನಲ್ಲಿ ಒಬ್ಬರು ಟೀಚರ್ ಬರುತ್ತಿದ್ದರು. ಶನಿವಾರ ಮಕ್ಕಳನ್ನು ಕೆರೆಯಂಗಳಕ್ಕೆ ಕರೆತರುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ದೂಳಿನಲ್ಲೇ ಕುಕ್ಕರಗಾಲಲ್ಲಿ ಕೂತು, "ಕುಂತು ನೋಡ್ರಿ, ನಿಂತ್ರ ಕಾಣಂಗಿಲ್ಲ" ಎನ್ನುತ್ತಿದ್ದರು. ಅಲ್ಲೇ ಆಡು ಮೇಯಿಸುತ್ತಿದ್ದ ನಾನೂ ಹಾಗೆ ಕೂತಾಗಲೇ ಟಿಟ್ಟಿಭ ಹಕ್ಕಿಯ ತತ್ತಿ ಕಂಡದ್ದು. ಬರಿ ನೆಲದ ಮೇಲೆ ಇದ್ದವು, ಸುತ್ತಲಿನ ಹರಳುಕಲ್ಲಿನದೇ ಬಣ್ಣ.

"ಅಮ್ಮಾರ, ಮರಿ ಆಗೂತನಕ ಆಡು ಅತ್ತಾಗ ಹೊಡ್ಕೊಳ್ರಿ" ಎಂದರು ಟೀಚರ್. ಹೊಡೆದುಕೊಂಡೆ.

ಪರಿಸರ ದಿನ ಬಂತು. ಸಸಿ ನೆಡಲು ನೆಲ ಹಸನು ಮಾಡಬೇಕೆಂದು ಪಂಚಾಯ್ತಿ ಅಧ್ಯಕ್ಷರು ಅಲ್ಲಿಗೇ ಜೆಸಿಬಿ ತಂದರು. ಟೀಚರ್ ತತ್ತಿಗಳ ಮುಂದೆ ಕೂತುಬಿಟ್ಟರು.

"ನಾವು ಗಿಡ ಹಚ್ಚಾಕ ಬಂದ್ರ, ನೀವು ಕಾವಿಗೆ ಕುಂತೀರೇನ್ರಿ ಟೀಚರ್?" ಎಂದರು ಅಧ್ಯಕ್ಷರು. ಗಂಡಸರೆಲ್ಲ ನಕ್ಕರು.

"ನೀವೂ ಕುಂತು ನೋಡ್ರಿ. ಒಂದೀಟು ಆಚೆ ಹಚ್ರಿ, ಸಾಕು."

ಯಾರೂ ಬಗ್ಗಲಿಲ್ಲ. ನೌಕರಿ ಹೋದೀತೆಂದು ಹೆದರಿಸಿ ಹೆಡ್‌ಮಾಸ್ತರು ಅವರನ್ನು ಎಬ್ಬಿಸಿದರು. ಜೆಸಿಬಿ ತತ್ತಿಗಳ ಮೇಲೇ ಹಾಯಿತು. ನೆತ್ತಿಯ ಮೇಲೆ ಹಕ್ಕಿಗಳು ಚೀರುತ್ತಿರುವಾಗ ಅಧ್ಯಕ್ಷರೂ ಅವರ ಕಡೆಯವರೂ ಸಸಿ ಹಿಡಿದು ಫೋಟೊಕ್ಕೆ ನಿಂತರು. ಟೀಚರನ್ನೂ ಕರೆದರು. ಅವರು ಮಕ್ಕಳನ್ನು ಕರೆದುಕೊಂಡು ಮತ್ತೆ ಆ ಮಣ್ಣಿನಲ್ಲೇ ಹೋಗಿ ಕೂತರು.

ಸಸಿಗಳಿಗೆ ಒಂದು ಕೊಡ ನೀರು ಹಾಕಿದವರಿಲ್ಲ, ಒಣಗಿದವು. ಟೀಚರನ್ನು ಬೇರೆ ಊರಿಗೆ ಹಾಕಿದರು. ಅವತ್ತಿನ ಫೋಟೊ ಇನ್ನೂ ಪಂಚಾಯ್ತಿ ಗೋಡೆಯ ಮೇಲಿದೆ. ಅದರಲ್ಲಿ ಟೀಚರ್ ಇಲ್ಲ. ಅದಕ್ಕೇ ಈ ಹಾಳೆಗಳನ್ನು ಹರಿಯಗೊಡದೆ ಇಟ್ಟುಕೊಳ್ಳಿ.