ಸುವರ್ಣಳ ತಲೆಯಿಂದ ಬಿದ್ದ ಕತ್ತಿ

ಸುವರ್ಣಳ ತಲೆಯ ಮೇಲಿದ್ದ ಕತ್ತಿ ತಾನಾಗಿ ಬೀಳಲಿಲ್ಲ. ಅದು ಬೀಳುವಂತೆ ಮಾಡಿದವಳು ನಾನು. ಸೊರಬದಲ್ಲಿ ಅವತ್ತು ಅವಳು ಕುಣಿಯುವಾಗ ನಾನು ಹಿಂದಿನ ಸಾಲಿನಲ್ಲಿದ್ದೆ, ಕೈ ಚಾಚಿದರೂ ಎಟುಕದಷ್ಟು ದೂರ — ಮಾಡಬೇಕಾದ್ದನ್ನೆಲ್ಲ ಹಿಂದಿನ ಮಧ್ಯಾಹ್ನವೇ ಮಾಡಿ ಮುಗಿಸಿದ್ದೆ. ಇಪ್ಪತ್ತು ವರ್ಷದ ಮೇಲಾಯಿತು. ನನ್ನ ಗಂಡನಿಗೂ ಇದನ್ನು ಹೇಳಿರಲಿಲ್ಲ.

ಶಿಕಾರಿಪುರದಲ್ಲಿ ಆಗ ನಮ್ಮದೊಂದು ಹುಡುಗಿಯರ ವೀರಗಾಸೆ ತಂಡವಿತ್ತು. ಕಲಿಸುತ್ತಿದ್ದ ಗುರುಗಳು ನಮ್ಮ ಬೀದಿಯವರೇ. ಹೆಣ್ಣುಮಕ್ಕಳ ಕೈಗೆ ವೀರಭದ್ರನ ಕತ್ತಿ ಕೊಟ್ಟರೆಂದು ಸಾಕಷ್ಟು ಮಾತು ಕೇಳಿದವರು. ಕುಣಿತದ ಕೊನೆಗೆ ಅವರು ತಮ್ಮದೇ ಒಂದು ಭಾಗ ಸೇರಿಸಿದ್ದರು. ಒಬ್ಬಳು ಕೆಂಪು ರುಮಾಲು ಸುತ್ತಿದ ತಲೆಯ ಮೇಲೆ ಕತ್ತಿಯನ್ನು ಅಡ್ಡಲಾಗಿ ಇಟ್ಟುಕೊಂಡು, ಕೈಬಿಟ್ಟು, ಕುಣಿಯುತ್ತಲೇ ಮಂಡಿಯೂರಿ, ಕೂತಲ್ಲೇ ಒಂದು ಸುತ್ತು ತಿರುಗಿ ಏಳಬೇಕು. ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದುದು ಅದನ್ನೇ. ಆ ಜಾಗ ಸುವರ್ಣಳದ್ದು. ನಾನೂ ಕಲಿತಿದ್ದೆ — ಆದರೆ ಅವಳ ತಲೆಯ ಮೇಲೆ ಕತ್ತಿ ನಿದ್ದೆ ಮಾಡಿದಂತೆ ಇರುತ್ತಿತ್ತು. ನನ್ನ ತಲೆಯ ಮೇಲೆ ಅದು ಯಾವಾಗಲೂ ಎಚ್ಚರವಾಗಿರುತ್ತಿತ್ತು.

ನನ್ನ ಪಾಲಿಗೆ ಬಂದದ್ದು ಕತ್ತಿಯ ಆರೈಕೆ. ಅಲಗನ್ನು ಉಜ್ಜಿ ಮೊಂಡಾಗಿಯೇ ಇಡುವುದು, ತುಕ್ಕು ಹಿಡಿಯದಂತೆ ಕೊಬ್ಬರಿ ಎಣ್ಣೆ ಸವರುವುದು. ಬೆರಳ ಮೇಲಿಟ್ಟು ನೋಡಿ, ಎರಡೂ ಕಡೆ ತೂಕ ಸಮನಾಗುವ ಜಾಗ ಹುಡುಕುವುದು. ಆ ಜಾಗಕ್ಕೆ ಮಾತ್ರ ಎಣ್ಣೆ ತಾಗಕೂಡದು. ಅಲ್ಲಿ ಸ್ಯಾಂಡ್ ಪೇಪರಿನಿಂದ ಒರಟು ಮಾಡಿ ತುಸು ಮೇಣ ಉಜ್ಜಿದರೆ ರುಮಾಲನ್ನು ಕಚ್ಚಿ ಹಿಡಿಯುತ್ತದೆ. ಹಿಡಿಯ ಮೇಲಿನ ಬಟ್ಟೆಯೊಳಗೆ ತಾಮ್ರದ ತಂತಿ ಸುತ್ತಿರುತ್ತಿದ್ದೆ. ತೂಕ ಹೆಚ್ಚುಕಡಿಮೆಯಾದರೆ ಆ ತಂತಿಯನ್ನೇ ಬಿಚ್ಚಿ, ಸುತ್ತಿ ಸರಿಮಾಡುವುದು. ಗುರುಗಳು ಎಲ್ಲರೆದುರೂ ಹೇಳುತ್ತಿದ್ದರು: "ಮಂಗಳಾ ನೋಡಿದ ಕತ್ತೀನ ಮತ್ತೊಂದ್ಸಲ ನೋಡೋದು ಬ್ಯಾಡ."

ಸೊರಬದ ಪ್ರದರ್ಶನ ನೋಡಿ ಹೊರರಾಜ್ಯದ ಉತ್ಸವಕ್ಕೆ ತಂಡ ಆರಿಸುವವರಿದ್ದರು. ಪತ್ರಿಕೆಯವರು ಮೊದಲೇ ಬಂದು ಸುವರ್ಣಳೊಬ್ಬಳ ಚಿತ್ರ ತೆಗೆದುಕೊಂಡು ಹೋದರು. ನಾನು ಪಕ್ಕದಲ್ಲಿ ಕತ್ತಿ ಒರೆಸುತ್ತಾ ಕೂತಿದ್ದೆ. ಅವರಲ್ಲೊಬ್ಬ, "ಸ್ವಲ್ಪ ಆ ಕಡೆ ಸರೀರಿ" ಎಂದ. ಸರಿದೆ. ಅಷ್ಟೇ ನಡೆದದ್ದು. ಅದಕ್ಕಿಂತ ದೊಡ್ಡ ಕಾರಣ ನನ್ನ ಬಳಿ ಇದ್ದಿದ್ದರೆ ಚೆನ್ನಾಗಿತ್ತು — ಇಲ್ಲ.

ಮಾರನೆಯ ಮಧ್ಯಾಹ್ನ ಗುರುಗಳ ಮನೆಯ ಜಗಲಿಯಲ್ಲಿ ಯಾರೂ ಇಲ್ಲದಾಗ ತಂತಿಯ ಕೆಲವು ಸುತ್ತು ಬಿಚ್ಚಿ ತೆಗೆದೆ. ಬಟ್ಟೆಯನ್ನು ಮೊದಲಿನಂತೆಯೇ ಸುತ್ತಿದೆ. ಮೇಣ ಕೆರೆದು ಆ ಜಾಗಕ್ಕೆ ಎಣ್ಣೆ ಸವರಿ, ಹೊಳಪು ಕಾಣದಂತೆ ಒರೆಸಿದೆ. ನಿಂತು ಕುಣಿಯುವಾಗ ಗೊತ್ತಾಗುವುದಿಲ್ಲ, ಕೂತು ತಿರುಗುವಾಗ ಹಿಡಿಯುವುದಿಲ್ಲ — ಅಷ್ಟನ್ನು ಲೆಕ್ಕ ಹಾಕಿಯೇ ಮಾಡಿದೆ. ಸಿಟ್ಟಿನ ಭರದಲ್ಲಿ ಮಾಡಿದ್ದಲ್ಲ.

ಸೊರಬದಲ್ಲಿ ವೇದಿಕೆ ಹತ್ತುವ ಮುಂಚೆ ಅವಳು ಕತ್ತಿ ತೆಗೆದುಕೊಳ್ಳುತ್ತಾ ಕೇಳಿದಳು, "ಸರಿ ಐತೇನೇ?"

"ಸರಿ ಐತೆ, ಹೋಗು" ಅಂದೆ.

ಅವಳು ಮಂಡಿಯೂರಿ ಅರ್ಧ ಸುತ್ತು ತಿರುಗಿದ್ದಳು. ಕತ್ತಿ ಜಾರಿ ಹಲಗೆಯ ಮೇಲೆ ಬಿತ್ತು. ಬಾರಿಸುವವರ ಕೈ ನಿಂತಿತು. ವೀರಭದ್ರನ ಕತ್ತಿ ನೆಲಕ್ಕೆ ಬಿತ್ತಲ್ಲ ಎಂದು ಮುಂದೆ ಕೂತಿದ್ದವರೆಲ್ಲ ಎದ್ದು ನಿಂತರು. ನಾನೇ ಮೊದಲು ಓಡಿ ಅದನ್ನು ಎತ್ತಿಕೊಂಡೆ — ಸಹಾಯ ಮಾಡಲು ಓಡಿದಳೆಂದು ಎಲ್ಲರೂ ತಿಳಿದರು. ಸೆರಗಿನಲ್ಲಿ ಎಣ್ಣೆ ಒರೆಸಿದೆ.

ಮುಂದಿದ್ದ ಹಿರಿಯರೊಬ್ಬರು ಜೋರಾಗಿಯೇ ಅಂದರು, "ಹೊರಗಾದಾಗ ಕತ್ತಿ ಹಿಡಿದ್ರೆ ಇನ್ನೇನಾಗುತ್ತೆ? ಯಾರವಳು?" ಯಾರೋ ಹೆಸರು ಹೇಳಿದರು. ಆ ಹೆಸರು ಬಾಯಿಂದ ಬಾಯಿಗೆ ಹೋಯಿತು. ಸುವರ್ಣ ವೇದಿಕೆಯ ಮೇಲೆ ನಿಂತೇ, "ಇಲ್ರೀ, ದೇವರಾಣೆ ಇಲ್ರೀ" ಎಂದಳು. ಅಷ್ಟು ಗಂಡಸರ ಎದುರು ಒಂದು ಹುಡುಗಿ ಅದನ್ನು ಹೇಳಬೇಕಾಯಿತು. ಲಿಂಗ ಕಟ್ಟಿದವರಿಗೆ ಮುಟ್ಟು ಮೈಲಿಗೆಯಲ್ಲ ಎಂದೇ ನಮ್ಮ ಮನೆಗಳಲ್ಲಿ ಹೇಳಿಕೊಟ್ಟಿದ್ದರು. ಅವತ್ತು ಅದು ಒಬ್ಬರಿಗೂ ನೆನಪಾಗಲಿಲ್ಲ. ಗುರುಗಳು ನನ್ನ ಕಡೆ ತಿರುಗಿದರು. "ಕತ್ತೀಲಿ ಏನಾರ ಐತೇನಮ್ಮ?" ಇಲ್ಲವೆಂದು ತಲೆಯಾಡಿಸಿದೆ. ಅವರು ನಂಬಿದರು. ಕತ್ತಿಯಲ್ಲಿ ದೋಷವಿಲ್ಲದ ಮೇಲೆ ಅದು ಉಳಿದದ್ದು ಅವಳಲ್ಲಿ.

ಸುವರ್ಣಳನ್ನು ಸೊರಬ ಸೀಮೆಯ ಕುಪ್ಪಗಡ್ಡೆಗೆ ಕೊಡುವ ಮಾತಾಗಿತ್ತು. ಗಂಡಿನ ಕಡೆಯವರೂ ಅವತ್ತು ಅಲ್ಲಿದ್ದರು. ಮದುವೆ ನಿಲ್ಲಲಿಲ್ಲ, ಆದರೆ ಆ ಮಾತು ಅವಳಿಗಿಂತ ಮುಂಚೆ ಆ ಮನೆ ಸೇರಿತ್ತು. ಅವಳು ಮತ್ತೆ ಕುಣಿಯಲಿಲ್ಲ. ನಾನು ಕುಣಿದೆ. ತಂತಿ ಮತ್ತೆ ಸುತ್ತಿ, ಮೇಣ ಹಚ್ಚಿ, ಅವಳ ಜಾಗದಲ್ಲಿ ನಿಂತೆ. ಊರೂರು ಸುತ್ತಿದೆ, ಶಾಲು ಹೊದಿಸಿಕೊಂಡೆ. ಗುರುಗಳು ತೀರಿಕೊಂಡ ಮೇಲೆ ತಂಡದ ಹುಡುಗಿಯರಿಗೆ ನಾನೇ ಕಲಿಸಲು ಕೂತೆ.

ಈ ವರ್ಷ ಅಭ್ಯಾಸದಲ್ಲಿ ಒಬ್ಬ ಹುಡುಗಿಯ ತಲೆಯಿಂದ ಕತ್ತಿ ಬಿತ್ತು. ಪಕ್ಕದವಳು ನಗುತ್ತಾ, "ನೀನೂ ಸೊರಬದವಳ ಹಂಗೆ ಹೊರಗಾಗಿ ಬಂದಿದೀಯೇನೇ?" ಎಂದಳು. ಉಳಿದವರೂ ನಕ್ಕರು. ವಿಚಾರಿಸಿದೆ — ಎಲ್ಲರಿಗೂ ಆ ಕಥೆ ಗೊತ್ತಿತ್ತು. ಸೊರಬದಲ್ಲಿ ಒಬ್ಬಳು ಸುಳ್ಳು ಹೇಳಿ ಕುಣಿದು, ದೇವರು ಕತ್ತಿ ಬೀಳಿಸಿ ತೋರಿಸಿದ ಕಥೆ. ನನ್ನ ಮನೆಯಲ್ಲೇ, ನನ್ನ ಶಿಷ್ಯೆಯರ ಬಾಯಲ್ಲಿ...

ಆ ವಾರವೇ ಕುಪ್ಪಗಡ್ಡೆಗೆ ಹೋದೆ. ಸುವರ್ಣ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ತಂತಿ, ಎಣ್ಣೆ, ಸೆರಗು — ಯಾವುದನ್ನೂ ಬಿಡಲಿಲ್ಲ. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಭತ್ತವನ್ನು ಹರವಿ ಮುಗಿಸಿದಳು.

"ಹಂಗಾದ್ರೆ ನಾನು ಸುಳ್ಳು ಹೇಳಿರ್ಲಿಲ್ಲ" ಎಂದಳು. "ಎಲ್ರೂ ಅಂದೂ ಅಂದೂ, ನಂಗೇ ಅನುಮಾನ ಬಂದಿತ್ತು ಕಣೇ. ದಿನ ತಪ್ಪಿ ಎಣಿಸಿದ್ನೇನೋ ಅಂತ."

ನಾನು ಅವಳ ಅತ್ತೆಗೂ ಹೇಳುತ್ತೇನೆಂದೆ.

"ಅವರು ಹೋದ ವರ್ಷ ಹೋದ್ರು. ಸಾಯೋತನಕ ನನ್ನ ಕೈಲಿ ದೇವರ ಮನೆ ದೀಪ ಹಚ್ಚಿಸ್ಲಿಲ್ಲ."

ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದಳು. "ಅದು ಬ್ಯಾಡ. ಊರಿಗೆ ಹೇಳು. ನನ್ನ ಹೆಸರು ಹಾಕಿ ಹೇಳು — ಅವತ್ತು ಹೆಸರು ಹಿಡಿದೇ ಅಂದಿದ್ರು."

ಶಿಷ್ಯೆಯರಿಗೆ ಹೇಳಿದೆ. ಕೆಲವರು ಬರುವುದನ್ನು ಬಿಟ್ಟರು, ಬಿಡಬೇಕಾದದ್ದೇ. ಸೊರಬದಲ್ಲಿ ಅವತ್ತು ಇದ್ದವರಲ್ಲಿ ಬದುಕಿರುವವರು ಇದನ್ನು ಓದಲಿ. ಸುವರ್ಣ ಅವತ್ತು ನಿಜ ಹೇಳಿದ್ದಳು. ಸುಳ್ಳು ಹೇಳಿದವಳು ಮಂಗಳಾ.